ನಿನ್ನ ಮನಿ ಎಲ್ಲದ?

ಮನೆ ಇಲ್ಲದವರು ಅಂದರೆ ಯಾರು? ಜನಗಣತಿಯವರ ಹತ್ತಿರ ಇದಕ್ಕೊಂದು ಉತ್ತರ ಇದೆ. ರಸ್ತೆ ಬದಿ, ಫುಟ್‌ಪಾತ್, ಫ್ಲೈಓವರ್ ಕೆಳಗೆ, ರೈಲ್ವೆ ಪ್ಲಾಟ್‌ಫಾರ್ಮು, ಗುಡಿ ಕಟ್ಟೆ, ಇಂಥಲ್ಲಿ ಮಲಗೋರು. 2011ರ ಫೆಬ್ರವರಿ 28ರ ರಾತ್ರಿ ದೇಶದ ತುಂಬ ಇಂಥವರನ್ನ ಹುಡುಕಿ ಎಣಿಸಿದರು. ಸುಮಾರು 17.7 ಲಕ್ಷ ಮಂದಿ ಸಿಕ್ಕರು. ನಾನು ಚಿಂಚೋಳಿ, ಶಹಾಬಾದ್, ಸೇಡಂ ಕಡೆ ಇಪ್ಪತ್ತು ಚಿಲ್ಲರೆ ವರ್ಷ ಮಾಸ್ತರಿಕೆ ಮಾಡಿದವನು. ನನ್ನ ಹಾಜರಿ ಪುಸ್ತಕದಲ್ಲಿದ್ದ ಮಕ್ಕಳು ಆ ಲೆಕ್ಕಕ್ಕೆ ಬರೋದಿಲ್ಲ. ಯಾಕಂದ್ರೆ ಅವರ ತಲೆ ಮೇಲೊಂದು ತಗಡು ಇರ್ತಿತ್ತು. ತಗಡಿನ ಕೆಳಗಿದ್ದರೆ ಸರ್ಕಾರಿ ಲೆಕ್ಕದಲ್ಲಿ ಮನೆ ಇದ್ದಂಗೇ.

ನಮ್ಮ ಕಡೆ ಮನೆ ಬಿಡೋದಕ್ಕೂ ಒಂದು ಸೀಸನ್ ಅದ. ಲಂಬಾಣಿ ತಾಂಡಾಗಳಲ್ಲಿ ದೀಪಾವಳಿ ದೊಡ್ಡ ಹಬ್ಬ. ಹಬ್ಬ ಮುಗೀತು, ಗಂಟು ಕಟ್ಟಿದರು. ಇನ್ನು ಕೆಲವರು ತೊಗರಿ ರಾಶಿ ಮುಗಿಸಿ ಹೊರಡ್ತಾರೆ. ಚಿಂಚೋಳಿಗೆ ರೈಲಿಲ್ಲ, ಹಾಗಾಗಿ ಅಲ್ಲಿಯವರು ಬಸ್ ಹಿಡಿದು ತಾಂಡೂರಿಗೋ ಜಹೀರಾಬಾದಿಗೋ ಹೋಗಿ ಅಲ್ಲಿಂದ ಹೈದರಾಬಾದ್ ಸೇರ್ತಾರೆ. ಚಿತ್ತಾಪುರ, ಸೇಡಂ ಕಡೆಯವರು ವಾಡಿ ಜಂಕ್ಷನ್ನಿಗೆ ಬರ್ತಾರೆ. ಮುಂಬೈ, ಹೈದರಾಬಾದ್, ಬೆಂಗಳೂರು ಮೂರೂ ದಾರಿ ಕೂಡೋದು ಅಲ್ಲೇ. ಸಂಜೆ ಹೊತ್ತು ಆ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡ್ರಿ. ಜೋಳದ ಹಿಟ್ಟಿನ ಚೀಲ, ಕೌದಿ ಗಂಟು, ಒಂದು ಕೊಡ, ಅವುಗಳ ಮೇಲೆ ಕುಂತಿರೋ ಮಕ್ಕಳು. ಶಾಲೆ ಚೀಲ ಹಿಡಿದ ಮಗುವನ್ನ ನಾನು ಕಂಡದ್ದು ಬಹಳ ಕಮ್ಮಿ.

ಕುಂಚಾವರಂ ಕಡೆಯ ತಾಂಡಾದಿಂದ ಬರ್ತಿದ್ದ ಒಬ್ಬ ಹುಡುಗಿ ನನ್ನ ಹತ್ತಿರ ಐದನೇ ಕ್ಲಾಸಿನಲ್ಲಿದ್ದಳು. ಯಾವುದೋ ಫಾರಂ ತುಂಬಬೇಕಿತ್ತು. “ನಿನ್ನ ಮನಿ ಎಲ್ಲದ?” ಅಂತ ಕೇಳಿದೆ. ಅವಳು ಒಂದು ಕ್ಷಣ ಯೋಚನೆ ಮಾಡಿ, “ಈಗಿಂದೇನ್ರಿ ಸರ, ದೀಪಾವಳಿ ಆದಮ್ಯಾಲಿಂದು?” ಅಂದಳು. ತಮಾಷೆಗೆ ಅಂದದ್ದಲ್ಲ. ಅವಳಿಗೆ ಖರೇನೇ ಎರಡು ಉತ್ತರ ಇದ್ದವು, ಎರಡನೆಯದು ವರ್ಷಾ ಬದಲಾಗ್ತಿತ್ತು. ಒಂದು ವರ್ಷ ಠಾಣೆ, ಒಂದು ವರ್ಷ ಪುಣೆ. ಕಟ್ಟಡ ಏಳುವಾಗ ಅದರೊಳಗೇ ವಾಸ. ಕಿಟಕಿ ಬಾಗಿಲು ಕೂರಿಸಿ ಅದು ಮನೆ ಅಂತ ಆದ ದಿನ ಇವರು ಹೊರಗೆ.

ಆ ಹುಡುಗಿ ಲೆಕ್ಕದಲ್ಲಿ ಚುರುಕು. ಆದರೆ ಪುಸ್ತಕದ ಮೊದಲ ಅರ್ಧ ಮಾತ್ರ. ಜೂನ್‌ದಿಂದ ದೀಪಾವಳಿ ತನಕ ಕಲಿಸಿದ್ದೆಲ್ಲ ಗೊತ್ತು, ಆಮೇಲಿನದು ಮೂರು ವರ್ಷದಿಂದ ಕಣ್ಣಿಗೇ ಬಿದ್ದಿರಲಿಲ್ಲ. ಮಾತು ನಾಲ್ಕು ಭಾಷೆಯಲ್ಲಿ ಬರ್ತಿತ್ತು: ಲಂಬಾಣಿ, ಕನ್ನಡ, ಹಿಂದಿ, ಸ್ವಲ್ಪ ಮರಾಠಿ. ಬರೆಯೋದು ಒಂದರಲ್ಲೂ ಗಟ್ಟಿ ಆಗಲಿಲ್ಲ. ಸೈಟಿನಲ್ಲಿ ಅವಳ ಕೆಲಸ ತಮ್ಮನನ್ನ ಎತ್ತಿಕೊಳ್ಳೋದು. ತರಗತಿಯಲ್ಲಿ ಗೆಳತೇರನ್ನ ಮಾಡಿಕೊಳ್ಳೋದೂ ಬಿಟ್ಟಿದ್ದಳು. “ಹ್ಯಾಂಗೂ ಹೋಗತೀನಲ್ರಿ” ಅಂತಿದ್ದಳು. ಹತ್ತು ವರ್ಷದ ಮಗು ಆಡೋ ಮಾತಲ್ಲ ಅದು.

ಇನ್ನು ಶಹಾಬಾದಿಗೆ ಬಂದರೆ ಕಥೆ ಉಲ್ಟಾ. ಅಲ್ಲಿಂದ ಹೋಗೋರಿದ್ದಂಗೇ ಅಲ್ಲಿಗೆ ಬರೋರೂ ಇದ್ದಾರೆ. ಕಲ್ಲಿನ ಖಣಿ ಪಕ್ಕದಲ್ಲೇ ಒಡೆದ ಫರ್ಸಿ ನಿಲ್ಲಿಸಿ, ಮೇಲೆ ತಗಡು ಹೊಚ್ಚಿ ಸಂಸಾರ ಹೂಡ್ತಾರೆ. ಶಹಾಬಾದ್ ಕಲ್ಲು ಊರೂರಿಗೆ ಹೋಗಿ ಯಾರ್ಯಾರ ಮನೆಗೋ ನೆಲ ಆಗ್ತದೆ. ಅದನ್ನ ತೆಗೆದವರ ಮಕ್ಕಳು ಮಲಗೋದು ಧೂಳಿನ ಮೇಲೆ. ಖಣಿ ತುಂಬ ಆಳ ಆಯ್ತು, ನೀರು ಬಂತು ಅಂದರೆ ಕೆಲಸ ನಿಲ್ತದೆ. ಕೆಲಸ ನಿಂತರೆ ಮನೆಯೂ ಎದ್ದು ಇನ್ನೊಂದು ಖಣಿಗೆ ಹೋಗ್ತದೆ.

2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ದೊಡ್ಡ ಸಮಾರಂಭ ಆಯ್ತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ತಾಂಡಾ, ಹಟ್ಟಿಗಳನ್ನ ಕಂದಾಯ ಗ್ರಾಮ ಮಾಡಿ, 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಿಯವರು ಹಕ್ಕುಪತ್ರ ಕೊಡುವ ಕಾರ್ಯಕ್ರಮ. ಇದು ಸಣ್ಣ ಮಾತಲ್ಲ. ಮೂರು ತಲೆಮಾರು ಇದ್ದ ಜಾಗ ಕಾಗದದ ಮೇಲೆ ತಮ್ಮದಲ್ಲ ಅನ್ನೋ ಹೆದರಿಕೆ ಹೋಯ್ತು. ಆದರೆ ಹಕ್ಕುಪತ್ರ ಟ್ರಂಕಿನೊಳಗಿಟ್ಟು, ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈ ಮುದುಕಿ ಕೈಗೆ ಕೊಟ್ಟು ಹೋಗೋದು ನಿಂತಿಲ್ಲ. ಮನೆ ಅವರದಾಯ್ತು, ಅದರೊಳಗೆ ಇರೋಕೆ ಬೇಕಾದ ಕೂಲಿ ಊರಲ್ಲಿ ಇಲ್ಲ.

ಅಮೆರಿಕಾದಂಥ ಶ್ರೀಮಂತ ದೇಶದಲ್ಲೂ ಮನೆ ಇಲ್ಲದ ಮಕ್ಕಳಿದ್ದಾರಾ ಅಂತ ಕೇಳಬಹುದು. ಇದ್ದಾರೆ. ನ್ಯೂಯಾರ್ಕ್ ನಗರ ಒಂದರಲ್ಲೇ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಶಾಲೆ ಮಕ್ಕಳು ಯಾವಾಗಲಾದರೊಮ್ಮೆ ಮನೆ ಇಲ್ಲದೆ ಇರ್ತಾರೆ. ಬಾಡಿಗೆ ಕಟ್ಟೋಕಾಗದೆ ಹೊರಬಿದ್ದು ಆಶ್ರಯ ಕೇಂದ್ರದಲ್ಲೋ, ಮೋಟೆಲಿನಲ್ಲೋ, ಸಂಬಂಧಿಕರ ಮನೆ ಹಾಲಿನಲ್ಲೋ ದಿನ ದೂಡೋರು. ಅಲ್ಲೂ ಈ ಮಕ್ಕಳ ಗೈರುಹಾಜರಿ ಬೇರೆ ಮಕ್ಕಳಿಗಿಂತ ಬಹಳ ಹೆಚ್ಚು. ಆದರೆ 1987ರಲ್ಲಿ ಬಂದ ಮೆಕಿನ್ನಿ-ವೆಂಟೊ ಕಾಯ್ದೆ ಈಗ ಇರುವ ರೂಪದಲ್ಲಿ ಎರಡು ಮಾತು ಹೇಳ್ತದೆ. ಒಂದು, ಬಡತನಕ್ಕೆ ಇನ್ನೊಬ್ಬರ ಮನೆಯಲ್ಲಿ ತುರುಕಿಕೊಂಡಿರೋ ಮಗುವೂ ಮನೆ ಇಲ್ಲದ್ದೇ. ಎರಡು, ಮನೆ ಎಷ್ಟು ಸಲ ಬದಲಾದರೂ ಮೊದಲಿನ ಶಾಲೆಯಲ್ಲೇ ಮುಂದುವರಿಯೋ ಹಕ್ಕು ಮಗುವಿಗಿದೆ, ಓಡಾಟದ ವ್ಯವಸ್ಥೆ ಶಾಲೆಯವರದು. ಹೊಸ ಶಾಲೆಗೆ ಹೋದರೆ ಕಾಗದಪತ್ರ ಇಲ್ಲ ಅಂತ ಹೊರಗೆ ನಿಲ್ಲಿಸುವಂತಿಲ್ಲ. ಅಲ್ಲಿ ಎಲ್ಲಾ ಸರಿ ನಡೀತದೆ ಅಂತಲ್ಲ. ಮನೆ ಕೊಡೋಕಾಗದಿದ್ದರೆ ಶಾಲೆಯನ್ನಾದರೂ ಅಲುಗಾಡದಂಗೆ ಹಿಡಿರಿ ಅನ್ನೋ ತಿಳಿವಳಿಕೆ ಅದರಲ್ಲಿದೆ.

ನಮ್ಮಲ್ಲೂ ಕಾನೂನು ಇಲ್ಲದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಟಿ.ಸಿ. ತಡವಾಯ್ತು, ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಶಾಲೆಯೂ ಮಗುವನ್ನ ವಾಪಸ್ ಕಳಿಸುವಂತಿಲ್ಲ. ಕೆಲಸದ ಜಾಗದಲ್ಲಿ ಟೆಂಟ್ ಶಾಲೆ, ಊರಲ್ಲಿ ಉಳಿಯೋ ಮಕ್ಕಳಿಗೆ ಋತುಮಾನ ವಸತಿ ಶಾಲೆ ಅಂತ ನಮ್ಮ ರಾಜ್ಯದಲ್ಲಿ ಯೋಜನೆಗಳೂ ಬಂದವು. ಮುಂಬೈ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸ್ತದೆ. ಆದರೆ ಇದನ್ನ ಸೈಟಿನಲ್ಲಿರೋ ತಾಯಿಗೆ ಹೇಳೋರು ಯಾರು? ಆ ಹುಡುಗಿಯ ಅವ್ವನಿಗೆ ವಸತಿ ಶಾಲೆ ವಿಷಯ ಹೇಳಿದಾಗ, “ಇಕಿನ್ನ ಬಿಟ್ಟು ಹೋದ್ರ ಸಣ್ಣಾವನ್ನ ಯಾರ್ ಹಿಡೀತಾರ್ರಿ?” ಅಂದಳು. ಕಾಯ್ದೆಯಲ್ಲಿ ಆ ಸಣ್ಣವನಿಗೆ ಜಾಗ ಇರಲಿಲ್ಲ. ಆರನೇ ಕ್ಲಾಸಿಗೆ ಹೆಸರು ಹಚ್ಚಿದ ವರ್ಷ ದೀಪಾವಳಿಗೆ ಹೋದ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ.

2020ರ ಮೇ ತಿಂಗಳಲ್ಲಿ ಕೊರೊನಾ ಹೆದರಿಕೆಗೆ ಮುಂಬೈ, ಪುಣೆಯಿಂದ ಜನ ವಾಪಸ್ ಬಂದರಲ್ಲ, ಆಗ ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳು ಕ್ವಾರಂಟೈನ್ ಕೇಂದ್ರಗಳಾದವು. ಹಾಜರಿ ಪುಸ್ತಕದಿಂದ ಕಳೆದುಹೋದ ಮಕ್ಕಳು ಅಪ್ಪ ಅವ್ವನ ಜೊತೆ ತರಗತಿ ಕೋಣೆಯಲ್ಲೇ ಮಲಗಿದರು. ಆಗ ಪ್ರತಿ ಕುಟುಂಬದ ಹೆಸರು, ಫೋನ್ ನಂಬರು, ಎಲ್ಲಿಂದ ಬಂದರು, ಎಷ್ಟು ಮಕ್ಕಳು, ಎಲ್ಲಾ ಬರೆದುಕೊಂಡೆವು. ರೋಗದ ಹೆದರಿಕೆ ಇದ್ದಾಗ ಆ ಲೆಕ್ಕ ಸಾಧ್ಯ ಆಯ್ತು.

ಅಂಥದೇ ಲೆಕ್ಕ ವರ್ಷಾ ದೀಪಾವಳಿಗೆ ಮುಂಚೆ ಮಾಡೋದು ಅಸಾಧ್ಯ ಅಲ್ಲ. ಯಾರು ಹೋಗ್ತಾರೆ, ಯಾವ ಊರು, ಜೊತೆಗೆ ಎಷ್ಟು ಮಕ್ಕಳು ಅಂತ ಬರೆದಿಟ್ಟು, ಆ ಊರಿನ ಶಾಲೆಗೊಂದು ಫೋನ್. ಮಗುವಿನ ಕೈಗೆ ಟಿ.ಸಿ.ಯ ಜೊತೆ ಪುಸ್ತಕದ ಎರಡನೇ ಭಾಗ. ವಾಪಸ್ ಬಂದಾಗ ಬಿಟ್ಟುಹೋದ ಪಾಠಕ್ಕೆ ಎರಡು ತಿಂಗಳು ಬೇರೆಯಾಗಿ ಕೂರಿಸೋದು. ನಾನು ಈಗ ನಿವೃತ್ತ. ನನ್ನ ನಂತರ ಬಂದ ಮಾಸ್ತರು, ಟೀಚರಮ್ಮನವರಿಗೆ ಸಿಕ್ಕಾಗೆಲ್ಲ ಇದನ್ನೇ ಹೇಳ್ತೀನಿ. ಸರ್ಕಾರದ ಆದೇಶ ಬರಲಿ ಅಂತ ಕಾದರೆ ಅಷ್ಟರೊಳಗೆ ಹಬ್ಬ ಮುಗಿದು, ವಾಡಿ ಸ್ಟೇಷನ್ನಿನಲ್ಲಿ ಗಂಟುಗಳು ಇಳಿದಿರ್ತಾವೆ.