ನಾಟಿಯಿಂದ ಕೊಯ್ಲಿನವರೆಗೆ ಒಂದು ಓಟ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿದ್ದೀರಾ? ಕಿಟಕಿಯ ಪಕ್ಕ ಜಾಗ ಸಿಕ್ಕರೆ ಒಂದೂವರೆ ಗಂಟೆಯೊಳಗೆ ಮೂರು ಬಗೆಯ ನಾಡನ್ನು ನೋಡಬಹುದು. ಸಿಂಧನೂರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ ಮತ್ತು ಕಾಲುವೆಯ ನೀರು. ಮಸ್ಕಿ ಬರುತ್ತಿದ್ದಂತೆ ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳ ಗುಡ್ಡ. ಅಲ್ಲಿಂದ ಮುಂದೆ ಲಿಂಗಸುಗೂರಿನ ಕಡೆಗೆ ತೊಗರಿ, ಜೋಳ, ಸಜ್ಜೆಯ ಹೊಲಗಳು.

ಸಿಂಧನೂರು ನನ್ನ ಗಂಡನ ಮನೆ. ಮಸ್ಕಿಯಲ್ಲಿ ನನ್ನ ಶಾಲೆ. ಲಿಂಗಸುಗೂರು ನನ್ನ ತವರು. ಹದಿನೆಂಟು ವರ್ಷಗಳಿಂದ ಇದೇ ದಾರಿಯಲ್ಲಿ ಓಡಾಡುತ್ತಿದ್ದೇನೆ. ಆದರೂ ಈ ದಾರಿಯನ್ನು ನಾನು ನಿಜವಾಗಿ ನೋಡಿದ್ದು, ಅದನ್ನು ನನ್ನ ಕಾಲಿನಿಂದ ಅಳೆಯತೊಡಗಿದ ಮೇಲೆಯೇ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಓಡಲು ಶುರು ಮಾಡಿದೆ. ನಗಬೇಡಿ, ಕಾರಣ ಹೇಳುತ್ತೇನೆ.

ನನ್ನ ಅಮ್ಮಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಾಲಿಗೆ ಆದ ಸಣ್ಣ ಗಾಯವನ್ನು ಅವರು ಯಾರಿಗೂ ಹೇಳಲಿಲ್ಲ. ನೋವೇ ಇರಲಿಲ್ಲ, ಏನೆಂದು ಹೇಳುವುದು? ಈ ಕಾಯಿಲೆಯಲ್ಲಿ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ, ಬಿಸಿ ತಗುಲಿದರೂ ತಿಳಿಯುವುದಿಲ್ಲ. ನಮಗೆ ತಿಳಿಯುವಷ್ಟರಲ್ಲಿ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಅಂದಿನಿಂದ ಅಮ್ಮಿ ಕುರ್ಚಿಯ ಮೇಲೆ ಕುಳಿತು ನಮಾಝ್ ಮಾಡುತ್ತಾರೆ. "ಹಣೆಯನ್ನು ನೆಲಕ್ಕೆ ಇಟ್ಟು ಸಜ್ದಾ ಮಾಡಿ ಎಷ್ಟು ದಿನವಾಯಿತೋ ಬೇಟಿ" ಎಂದು ಒಮ್ಮೆ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ. ಕುಳಿತು ಮಾಡುವವರ ನಮಾಝನ್ನೂ ಅಲ್ಲಾಹನು ಸ್ವೀಕರಿಸುತ್ತಾನೆ ಎಂದು ನಾನೇ ಮಕ್ಕಳಿಗೆ ಕಲಿಸುವವಳು. ಆದರೂ ಆ ಮಾತು ನನ್ನ ಎದೆಯಲ್ಲಿ ಉಳಿದುಬಿಟ್ಟಿತು.

ಅದೇ ವರ್ಷ ನನ್ನ ರಕ್ತ ಪರೀಕ್ಷೆಯಾಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆಯಲ್ಲಿ 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದರ್ಥ. ವೈದ್ಯೆ ಮಾತ್ರೆ ಬರೆಯಲಿಲ್ಲ. "ನಡೆಯಿರಿ, ಆದರೆ ಓಡಿ, ತೂಕ ಇಳಿಸಿ. ಆರು ತಿಂಗಳು ಬಿಟ್ಟು ಬನ್ನಿ" ಎಂದರು. ಕೆಲಸ ಮಾಡುವ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ತಾವಾಗಿಯೇ ಹೀರಿಕೊಳ್ಳುತ್ತವೆ, ಕುಳಿತಿರುವ ಸ್ನಾಯುಗಳು ಹಾಗೆ ಮಾಡುವುದಿಲ್ಲ ಎಂದು ವಿವರಿಸಿದರು.

ವಿಜಯಪುರದಲ್ಲಿ ಡಿಸೆಂಬರ್ ಹೊತ್ತಿಗೆ ನಡೆಯುವ 'ವೃಕ್ಷೋಥಾನ್' ಓಟದ ಬಗ್ಗೆ ಹೇಳಿದವನು ನನ್ನ ತಮ್ಮ. ಮರ ಬೆಳೆಸುವ ಸಂದೇಶ ಸಾರಲು, ಗೋಲಗುಂಬಜದ ಊರಿನ ಬೀದಿಗಳಲ್ಲಿ ಆ ಓಟ ನಡೆಯುತ್ತದೆ. ಅದರಲ್ಲಿ 5, 10 ಮತ್ತು 21 ಕಿ.ಮೀ.ಗಳ ವಿಭಾಗಗಳಿವೆ. 21 ಎಂದರೆ ಅರ್ಧ ಮ್ಯಾರಥಾನ್. ಅದರ ಪೂರ್ತಿ ಲೆಕ್ಕ 21.0975 ಕಿ.ಮೀ. ನಾನು ತಮಾಷೆಗೆ "ಅಷ್ಟು ಓಡಿದರೆ ಸಿಂಧನೂರಿನಿಂದ ಹೊರಟವಳು ಹತ್ತಿರ ಹತ್ತಿರ ಮಸ್ಕಿಗೇ ಬಂದುಬಿಡುತ್ತೇನಲ್ಲ!" ಎಂದೆ. ಹೇಳಿದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ.

ಮನೆಯಲ್ಲಿ ಮಾತು ಎದ್ದಿತು. "ಈ ವಯಸ್ಸಿನಲ್ಲಿ ರಸ್ತೆಯಲ್ಲಿ ಓಡುವುದೇ? ಜನ ಏನನ್ನುತ್ತಾರೆ?" ಎಂದರು ಅತ್ತೆ. ಅವರನ್ನು ನಾನು ದೂರುವುದಿಲ್ಲ. ನನ್ನ ಮನಸ್ಸೂ ಅದನ್ನೇ ಕೇಳುತ್ತಿತ್ತು.

ಆಗ ಮದ್ರಸದಲ್ಲಿ ಓದಿದ ಒಂದು ಹದೀಸ್ ನೆನಪಾಯಿತು. ಹುಡುಗಿಯಾಗಿದ್ದಾಗ ಅದನ್ನು ಪಾಠವೆಂದು ಓದಿ ಮುಗಿಸಿದ್ದೆ. ಪ್ರವಾದಿ(ಸ)ರು ಪ್ರಯಾಣದಲ್ಲಿದ್ದಾಗ ಸಂಗಡಿಗರನ್ನು ಮುಂದಕ್ಕೆ ಕಳುಹಿಸಿ, ಹಝ್ರತ್ ಆಯಿಷಾ(ರ)ರೊಂದಿಗೆ ಓಟದ ಸ್ಪರ್ಧೆ ಮಾಡಿದರು. ಮೊದಲ ಸಲ ಆಯಿಷಾ(ರ) ಗೆದ್ದರು. ಕೆಲವು ವರ್ಷಗಳ ಬಳಿಕ, ಅವರ ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ)ರು ಗೆದ್ದರು ಮತ್ತು ಅಂದಿನ ಸೋಲಿಗೆ ಇದು ಸರಿಯಾಯಿತೆಂದು ನಗುತ್ತಾ ಹೇಳಿದರು. ಗಮನಿಸಿ ಸಹೋದರಿಯರೇ, ಅಲ್ಲಿ ಓಟವೂ ಇತ್ತು, ಮರೆಯ ಏರ್ಪಾಡೂ ಇತ್ತು. ಮೈ ತುಂಬಿಕೊಂಡ ಹೆಂಡತಿಯನ್ನು ಮತ್ತೆ ಓಟಕ್ಕೆ ಕರೆಯುವ ಪತಿಯೂ ಇದ್ದರು.

ಇನ್ನೊಂದು ಓಟವಂತೂ ನಮ್ಮೆಲ್ಲರಿಗೂ ಗೊತ್ತು. ನೀರಿಗಾಗಿ ಹಝ್ರತ್ ಹಾಜಿರಾ(ಅ) ಸಫಾ ಮತ್ತು ಮರ್ವಾದ ನಡುವೆ ಏಳು ಬಾರಿ ಓಡಿದರು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಮಾರು 450 ಮೀಟರ್. ಏಳು ಸಲಕ್ಕೆ ಮೂರು ಕಿ.ಮೀ.ಗೂ ಮಿಕ್ಕಿ. ಇಂದು ಅಲ್ಲಿ ಹಸಿರು ದೀಪಗಳ ನಡುವೆ ಪುರುಷರು ಓಡುತ್ತಾರೆ, ಸ್ತ್ರೀಯರು ನಡೆದರೆ ಸಾಕು. ಲಕ್ಷಾಂತರ ಗಂಡಸರು ಒಬ್ಬ ತಾಯಿಯ ಓಟವನ್ನು ಅನುಸರಿಸುತ್ತಿದ್ದಾರೆ. ಇದನ್ನು ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಒಬ್ಬಳೇ ಹೋಗಬೇಡ" ಎಂದರು. ಅಂದಿನಿಂದ ನನ್ನ ಯಜಮಾನರು ಸೈಕಲ್ ಮೇಲೆ, ನಾನು ಕಾಲ ಮೇಲೆ. ಉಡುಪಿನ ಪ್ರಶ್ನೆಯನ್ನು ನಮ್ಮ ದರ್ಜಿಯೇ ಬಗೆಹರಿಸಿದರು. ಮೊಣಕಾಲಿನ ಕೆಳಗೆ ಇಳಿಯುವ ಸಡಿಲವಾದ ಹತ್ತಿಯ ಅಂಗಿ, ಅದಕ್ಕೆ ತಕ್ಕ ಸಲ್ವಾರ್, ಪಿನ್ನಿಲ್ಲದೆ ತಲೆಗೆ ಹಾಕಿಕೊಳ್ಳುವ ಹಿಜಾಬ್.

ಆಗಸ್ಟ್ ತಿಂಗಳು. ಫಜ್ರ್ ಮುಗಿಸಿ ಕಾಲುವೆಯ ದಾರಿ ಹಿಡಿದೆವು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯೇ ಸಿಂಧನೂರಿನ ಜೀವ. 1953ರಲ್ಲಿ ಅಣೆಕಟ್ಟು ನೀರು ಕೊಡಲಾರಂಭಿಸಿದ ಮೇಲೆ ಜೋಳದ ನಾಡು ಭತ್ತದ ಕಣಜವಾಯಿತು. ಆಂಧ್ರದಿಂದ ರೈತರು ಬಂದು ನೆಲೆಸಿದರು. ಅದಕ್ಕೇ ಇಲ್ಲಿ ಎಷ್ಟೋ ಊರುಗಳ ಹೆಸರಿನ ಕೊನೆಗೆ 'ಕ್ಯಾಂಪ್' ಎಂದಿದೆ. ಮುಂದೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೂ ಸಿಂಧನೂರಿನ ಬಳಿಯ ಕ್ಯಾಂಪ್‌ಗಳಲ್ಲಿ ನೆಲೆ ಸಿಕ್ಕಿತು. ಬೆಳಗಿನ ಒಂದೇ ದಾರಿಯಲ್ಲಿ ನಮ್ಮ ಕಿವಿಗೆ ಕನ್ನಡ, ತೆಲುಗು, ಉರ್ದು, ಬಂಗಾಳಿ ಎಲ್ಲವೂ ಬೀಳುತ್ತವೆ.

ಮೊದಲ ದಿನ ಎರಡು ನಿಮಿಷ ಓಡಿದೆ, ಉಸಿರು ಗಂಟಲಿಗೆ ಬಂತು. ಮೂರು ನಿಮಿಷ ನಡೆದೆ. ಮತ್ತೆ ಎರಡು ನಿಮಿಷ ಓಟ. ಹೀಗೆ ಅರ್ಧ ಗಂಟೆ. ಎತ್ತಿನ ಬಂಡಿಯಲ್ಲಿ ಎದುರಾದ ಮುದುಕರೊಬ್ಬರು ಗಾಬರಿಯಿಂದ ಬಂಡಿ ನಿಲ್ಲಿಸಿದರು. "ಯಾಕವ್ವಾ, ಹಿಂಗ್ಯಾಕ ಓಡಾಕತ್ತಿ? ಮನ್ಯಾಗ ಯಾರಿಗರ ಆರಾಮಿಲ್ಲೇನು?" ನಮ್ಮ ಊರುಗಳಲ್ಲಿ ದೊಡ್ಡ ಹೆಂಗಸು ಓಡುವುದು ಯಾರಿಗಾದರೂ ಆಪತ್ತು ಬಂದಾಗ ಮಾತ್ರ. "ಹೌದಜ್ಜಾ, ಅಮ್ಮಿಗೆ ಆರಾಮಿಲ್ಲ" ಎನ್ನಬೇಕೆನಿಸಿತು. ಉಸಿರು ಸಾಲದೆ ಕೈ ಮಾತ್ರ ಬೀಸಿದೆ.

ಗದ್ದೆಗಳಲ್ಲಿ ಆಗ ನಾಟಿಯ ಕಾಲ. ಟಂಟಂಗಳಲ್ಲಿ ಒತ್ತಾಗಿ ಕುಳಿತು ಬರುವ ಹೆಣ್ಣುಮಕ್ಕಳು ಕೆಸರಿನಲ್ಲಿ ಬಾಗಿ ನಿಂತರೆ ಸೂರ್ಯ ಮೇಲೇರುವವರೆಗೂ ನೆಟ್ಟಗಾಗುವುದಿಲ್ಲ. ಅವರಲ್ಲೊಬ್ಬಾಕೆ ನನ್ನನ್ನು ನೋಡಿ, "ನಿಮ್ಗ ಮೈ ಕರಗ್ಸಾಕ ಓಡ್ಬೇಕ್ರೀ ಟೀಚರ್, ನಮ್ಗ ಹೊಟ್ಟಿ ತುಂಬ್ಸಾಕ ಬಾಗ್ಬೇಕು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಂದಿನಿಂದ ನನ್ನ ಓಟದ ಬಗ್ಗೆ ಯಾರಲ್ಲೂ ಜಂಭದಿಂದ ಹೇಳಿಕೊಂಡಿಲ್ಲ. ಕುಳಿತು ಉಣ್ಣುವ ಅನುಕೂಲ ಇದ್ದವರಿಗಷ್ಟೇ ಈ ಸಾಲ ತೀರಿಸುವ ಅಗತ್ಯ ಬರುತ್ತದೆ.

ಸೆಪ್ಟೆಂಬರಿನಲ್ಲಿ ತಪ್ಪು ಮಾಡಿದೆ. ಐದು ಕಿ.ಮೀ. ನಿಲ್ಲದೆ ಓಡಿದ ಹುಮ್ಮಸ್ಸಿನಲ್ಲಿ ಮರುವಾರವೇ ಒಂಬತ್ತು ಓಡಿದೆ. ಮೊಣಕಾಲು ಊದಿಕೊಂಡಿತು. ಹತ್ತು ದಿನ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿಯಬೇಕಾಯಿತು. ಎದೆ ಮತ್ತು ಉಸಿರು ಬೇಗ ಪಳಗುತ್ತವೆ, ಆದರೆ ಮೂಳೆ ಮತ್ತು ಕೀಲುಗಳಿಗೆ ತಿಂಗಳುಗಳು ಬೇಕು ಎಂಬುದು ಆಗ ಅರ್ಥವಾಯಿತು. ನಾಟಿಯಾದ ಸೋನಾ ಮಸೂರಿ ನಾಲ್ಕು ತಿಂಗಳಿಲ್ಲದೆ ಕೈಗೆ ಬರುವುದಿಲ್ಲ. ಪೈರನ್ನು ಜಗ್ಗಿ ಉದ್ದ ಮಾಡಲಾಗುತ್ತದೆಯೇ? ಅಲ್ಲಿಂದ ಮುಂದೆ ವಾರಕ್ಕೆ ನಾಲ್ಕೇ ದಿನ ಓಟ. ಮೂರು ದಿನ ಮಾತನಾಡಿಕೊಂಡು ಓಡುವಷ್ಟು ನಿಧಾನ, ರವಿವಾರ ಒಂದು ಉದ್ದದ ಓಟ. ಅದನ್ನೂ ವಾರಕ್ಕೆ ಒಂದು ಕಿ.ಮೀ.ಯಷ್ಟೇ ಹೆಚ್ಚಿಸುತ್ತಾ ಹೋದೆ. ಮೂರು ವಾರಕ್ಕೊಮ್ಮೆ ಮತ್ತೆ ಕಡಿಮೆ ಮಾಡುತ್ತಿದ್ದೆ.

ಆ ನಾಲ್ಕರಲ್ಲಿ ಒಂದು ದಿನ ಮಸ್ಕಿಗೆ ಮೀಸಲು. ಸಿಂಧನೂರು ಅಂಗೈಯಂತೆ ಸಮತಟ್ಟು. ಏರು ಬೇಕೆಂದರೆ ಮಸ್ಕಿಗೇ ಬರಬೇಕು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಜೊತೆಯ ಶಿಕ್ಷಕಿಯೊಬ್ಬರೊಂದಿಗೆ ಅಶೋಕನ ಶಾಸನವಿರುವ ಬಂಡೆಯ ಕಡೆಗಿನ ಏರಿನಲ್ಲಿ ಹತ್ತಿ ಇಳಿಯುತ್ತಿದ್ದೆ. ಮಸ್ಕಿಯನ್ನು ಜಗತ್ತಿಗೆ ಪರಿಚಯಿಸಿದ್ದು ಆ ಬಂಡೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಕಂಡುಹಿಡಿದರು. ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಚಿನ್ನದ ಕಸುಬಿನ ಆ ಎಂಜಿನಿಯರ್‌ಗೆ ಇಲ್ಲಿ ಸಿಕ್ಕಿದ್ದು ಅಕ್ಷರ. ಅದುವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ನಮ್ಮ ಮಸ್ಕಿಯದು.

ಮಕ್ಕಳಿಗೆ ಆ ಶಾಸನದ ಪಾಠ ಮಾಡಿದ್ದೇನೆ. ಅದರ ಸಾರವನ್ನು ಮಾತ್ರ ಓಟ ಶುರುವಾದ ಮೇಲೆಯೇ ಗಮನಿಸಿದೆ. ಚಕ್ರವರ್ತಿ ಅಲ್ಲಿ ತಾನು ಮೊದಲು ಅಷ್ಟು ಶ್ರಮಪಡಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಒಳಿತನ್ನು ಪಡೆಯುವುದು ದೊಡ್ಡವರಿಂದ ಮಾತ್ರ ಸಾಧ್ಯವೆಂದು ತಿಳಿಯಬೇಡಿ, ಸಣ್ಣವರೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲರು ಎನ್ನುತ್ತಾನೆ. ಆತ ಹೇಳಿದ್ದು ಧರ್ಮದ ವಿಷಯ, ಓಟದ್ದಲ್ಲ. ಆದರೂ ಏದುಸಿರು ಬಿಡುತ್ತಾ ಆ ಬಂಡೆಯ ಮುಂದೆ ನಿಂತವಳಿಗೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಮಾತು ಹತ್ತಿರದ್ದೆನಿಸಿತು.

ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 2024ರ ಆಗಸ್ಟ್ 11ರಂದು ಸಿಫಾನ್ ಹಸನ್ ಎಂಬ ಸಹೋದರಿ ಮ್ಯಾರಥಾನ್ ಗೆದ್ದು, ಹಿಜಾಬ್ ಧರಿಸಿ ಚಿನ್ನದ ಪದಕ ಪಡೆದುದನ್ನು ನೀವು ನೋಡಿರಬಹುದು. ಇಥಿಯೋಪಿಯದಲ್ಲಿ ಹುಟ್ಟಿ ನೆದರ್ಲೆಂಡ್ಸ್ ಪರ ಓಡುವ ಆಕೆ 42 ಕಿ.ಮೀ.ಗೂ ಹೆಚ್ಚಿನ ದೂರವನ್ನು ಎರಡು ಗಂಟೆ 22 ನಿಮಿಷ 55 ಸೆಕೆಂಡುಗಳಲ್ಲಿ ಮುಗಿಸಿದರು. ಅದರ ಅರ್ಧಕ್ಕೇ ನನಗೆ ಮೂರು ಗಂಟೆ ಬೇಕು. ಪರವಾಗಿಲ್ಲ. ನನ್ನ ಸ್ಪರ್ಧೆ ಆಕೆಯೊಂದಿಗಲ್ಲ, ಹೊಸ್ತಿಲಲ್ಲಿ ನಿಂತಿರುವ ಆ 6.2ರೊಂದಿಗೆ.

ಡಿಸೆಂಬರ್ ಬಂತು. ಸಿಂಧನೂರಿನಲ್ಲಿ ಕೊಯ್ಲು ಯಂತ್ರಗಳ ಸದ್ದು, ರಸ್ತೆಯ ಅಂಚಿನಲ್ಲೆಲ್ಲ ಒಣಗಲು ಹರಡಿದ ಭತ್ತ. ನನ್ನ ಕೊನೆಯ ಉದ್ದದ ಓಟ ಬಾಕಿ ಇತ್ತು, 18 ಕಿ.ಮೀ. ಅದನ್ನು ತವರಿನ ದಾರಿಯಲ್ಲೇ ಓಡಬೇಕೆಂದು ಆಸೆ. ರವಿವಾರ ಬೆಳಿಗ್ಗೆ ಯಜಮಾನರು ಬೈಕಿನಲ್ಲಿ ಕರೆದೊಯ್ದು ಮಸ್ಕಿ ದಾಟಿದ ಮೇಲೆ 'ಲಿಂಗಸುಗೂರು 18' ಎಂದು ಬರೆದ ಕಲ್ಲಿನ ಬಳಿ ಇಳಿಸಿದರು. ಎದುರಿನ ವಾಹನಗಳು ಕಾಣುವಂತೆ ರಸ್ತೆಯ ಬಲಬದಿ ಹಿಡಿದೆ. ತೊಗರಿ ಕಾಯಿಗಟ್ಟಿತ್ತು. ಚಳಿಗೆ ಮೂಗಿನ ತುದಿ ಮರಗಟ್ಟುತ್ತಿತ್ತು. ಕಲ್ಲುಗಳ ಮೇಲಿನ ಅಂಕಿ 17, 16, 15 ಎಂದು ಇಳಿಯುತ್ತಾ ಹೋಯಿತು. ಬಸ್ಸಿನಲ್ಲಿ ಕುಳಿತಾಗ ಕಾಣದಿದ್ದ ಏರುಗಳೆಲ್ಲ ಈಗ ತೊಡೆಗೆ ಗೊತ್ತಾದವು. ಹನ್ನೆರಡು ಕಿ.ಮೀ. ಆದ ಮೇಲೆ ಕಾಲು ಕಲ್ಲಾಯಿತು. ಯಜಮಾನರು ನೀರು ಮತ್ತು ಎರಡು ಖರ್ಜೂರ ಕೊಟ್ಟರು. ಸ್ವಲ್ಪ ನಡೆದೆ, ಮತ್ತೆ ಓಡಿದೆ. 'ಸುಬ್‌ಹಾನಲ್ಲಾಹ್' ಎಂದು ಹೆಜ್ಜೆಗೆ ಹೊಂದಿಸಿ ಹೇಳುತ್ತಾ ಕೊನೆಯ ಕಲ್ಲನ್ನೂ ದಾಟಿದೆ.

ಅಮ್ಮಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ನನ್ನನ್ನು ನೋಡಿ ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಬೂಟು ಬಿಚ್ಚು" ಎಂದರು. ಬಿಚ್ಚಿದೆ. ನನ್ನ ಪಾದವನ್ನು ತಮ್ಮ ತೊಡೆಯ ಮೇಲೆ ಇಡಿಸಿಕೊಂಡು, ತಮಗೆ ವೈದ್ಯರು ಕಲಿಸಿದ್ದಂತೆ, ಒಂದೊಂದೇ ಬೆರಳನ್ನು ಬಿಡಿಸಿ ಸಂದು ನೋಡಿದರು. ಹಿಮ್ಮಡಿ ನೋಡಿದರು. ಕಿರುಬೆರಳಿನಲ್ಲಿ ಒಂದು ಗುಳ್ಳೆ ಎದ್ದಿತ್ತು. ಅದನ್ನು ಮೆಲ್ಲಗೆ ಒತ್ತಿ, "ನೋವಾಗುತ್ತದೆಯೇ?" ಎಂದು ಕೇಳಿದರು. "ತುಂಬಾ ನೋವಾಗುತ್ತದೆ ಅಮ್ಮಿ" ಎಂದೆ. "ಅಲ್‌ಹಮ್ದುಲಿಲ್ಲಾಹ್" ಎಂದರು ಅಮ್ಮಿ.

ನೋವಾಗುವುದೂ ಒಂದು ಅನುಗ್ರಹ ಎಂದು ನನಗೆ ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಇದನ್ನು ಬರೆಯುವಾಗ ವಿಜಯಪುರದ ಓಟಕ್ಕೆ ಇನ್ನೂ ಎರಡು ವಾರ ಇದೆ. ಅಲ್ಲಿಯವರೆಗೆ ದೂರವನ್ನು ಕಡಿಮೆ ಮಾಡುತ್ತಾ, ಕಾಲಿಗೆ ವಿಶ್ರಾಂತಿ ಕೊಡಬೇಕು. ಕಳೆದ ವಾರದ ರಕ್ತ ಪರೀಕ್ಷೆಯಲ್ಲಿ 5.8 ಬಂದಿದೆ. ಕಾಯಿಲೆ ಇನ್ನೂ ಹೊಸ್ತಿಲು ಬಿಟ್ಟು ಹೋಗಿಲ್ಲ, ಒಂದು ಹೆಜ್ಜೆ ಹಿಂದೆ ಸರಿದಿದೆ ಅಷ್ಟೆ. ಓಟ ಪೂರ್ತಿಯಾಗುವುದೋ ಇಲ್ಲವೋ ಅಲ್ಲಾಹನಿಗೆ ಗೊತ್ತು.

ಸಹೋದರಿಯರೇ, ನೀವೆಲ್ಲ 21 ಕಿ.ಮೀ. ಓಡಿ ಎಂದು ಹೇಳಲಾರೆ. ವಾರಕ್ಕೆ ಒಟ್ಟು 150 ನಿಮಿಷ ಚುರುಕಾಗಿ ನಡೆದರೂ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓಡುವ ಮನಸ್ಸಿದ್ದರೆ ಮೊದಲು ವೈದ್ಯರಲ್ಲಿ ರಕ್ತದೊತ್ತಡ, ಎದೆ, ಸಕ್ಕರೆ ತೋರಿಸಿ ಆಮೇಲೆ ಶುರು ಮಾಡಿ. ಮನೆಯ ಎಲ್ಲರ ತಟ್ಟೆ, ಔಷಧಿ, ಜ್ವರ ನೋಡುವ ನಾವು ನಮ್ಮ ಪಾದವನ್ನು ನೋಡಿಕೊಂಡು ಎಷ್ಟು ದಿನವಾಯಿತು? ಈ ದೇಹ ನಮ್ಮ ಸ್ವತ್ತಲ್ಲ, ಅಮಾನತ್ತು. ನಾಳೆ ಫಜ್ರ್ ಆದ ಮೇಲೆ ಮತ್ತೆ ಮಲಗುವ ಬದಲು ಹತ್ತು ನಿಮಿಷ ನಡೆದು ನೋಡಿ. ಮುಪ್ಪಿನಲ್ಲಿಯೂ ನಮ್ಮ ಹಣೆ ನೆಲ ಮುಟ್ಟುವಂತಾಗಲಿ, ನೆಲ ಮುಟ್ಟಲಾಗದ ತಾಯಂದಿರ ನಮಾಝನ್ನು ಅಲ್ಲಾಹನು ಸ್ವೀಕರಿಸಲಿ. ಆಮೀನ್.