ಬಾರದ ಟೋಕನ್

ಸಂಬಳದ ಚೀಟಿಯನ್ನು ಟೀವಿಯ ಪಕ್ಕ ಇಟ್ಟ ಅಪ್ಪ ಊಟ ಮುಗಿಯುವ ತನಕ ಏನೂ ಹೇಳಲಿಲ್ಲ. ಆಮೇಲೆ ಕೈ ಒರೆಸಿಕೊಳ್ಳುತ್ತಾ, “ಇದನ್ನೊಂಚೂರು ನೋಡಮ್ಮ. ನಾಲ್ಕು ದಿನ ಆಬ್ಸೆಂಟ್ ಅಂತ ಹಾಕವ್ರೆ. ನಾನು ಒಂದು ದಿನಾನೂ ತಪ್ಪಿಸಿಲ್ಲ. ಮಿಷನ್ನು ಬೆರಳು ಹಿಡೀಲಿಲ್ಲ, ಅಷ್ಟೇ” ಅಂದ.

ನಮ್ಮ ಮನೆ ಇರುವುದು ಬಂಗಾರಪೇಟೆಯಲ್ಲಿ. ಅಪ್ಪ ಕೆಜಿಎಫ್‌ ಗಣಿಯಲ್ಲಿ ಕಲ್ಲು ಕೊರೆಯುತ್ತಿದ್ದವನು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ನನಗೆ ಐದು ವರ್ಷ. ಆಮೇಲೆ ಈ ಭಾಗದ ಸಾವಿರಾರು ಜನರ ಹಾಗೆ ಅವನೂ ಬೆಂಗಳೂರಿನ ರೈಲು ಹತ್ತಿದ. ಮಾರಿಕುಪ್ಪಂನಲ್ಲಿ ಹೊರಟ ಗಾಡಿ ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ಕೂರಲು ಜಾಗ ಇರುವುದಿಲ್ಲ. ವೈಟ್‌ಫೀಲ್ಡ್‌ವರೆಗೂ ನಿಂತೇ ಹೋಗಿ, ಅಲ್ಲಿ ಒಂದು ಕಚೇರಿಯ ಗೇಟಿನಲ್ಲಿ ಮತ್ತೆ ನಿಲ್ಲುವುದು ಅವನ ಕೆಲಸ. ಹಾಜರಿಗೆ ಬೆರಳು ಒತ್ತಬೇಕು. ಡ್ರಿಲ್ಲು ಹಿಡಿದು ಹಿಡಿದು ಗೆರೆ ಸವೆದ ಬೆರಳು ಒಮ್ಮೊಮ್ಮೆ ಯಂತ್ರಕ್ಕೆ ಬೆರಳೇ ಅಲ್ಲ.

ಸೂಪರ್‌ವೈಸರ್ ಕೊಟ್ಟ ಉತ್ತರ ಒಂದೇ: “ಸಿಸ್ಟಮ್ಮಲ್ಲಿ ಹಂಗೇ ತೋರಿಸ್ತಿದೆ.” ಅಪ್ಪ ಇದನ್ನು ಹೇಳಿದಾಗ ಸಿಟ್ಟಿಗಿಂತ ಮೊದಲು ನನಗೆ ನಾಚಿಕೆಯಾಯಿತು. ಅಂಥ ಸಿಸ್ಟಮ್ಮೇ ನನ್ನ ಪಿಎಚ್‌ಡಿಯ ವಿಷಯ.

ಡೇಟಾ ವೇರ್‌ಹೌಸ್ ಅಂದರೆ ನಮ್ಮಮ್ಮನಿಗೆ ಗೋಡೌನ್. ತಪ್ಪೇನಿಲ್ಲ. ಬ್ಯಾಂಕಿನ, ಅಂಗಡಿಯ ದಿನದ ವಹಿವಾಟು ನಡೆಸುವ ಡೇಟಾಬೇಸಿಗೆ ಈ ಕ್ಷಣದ ಲೆಕ್ಕವೇ ಮುಖ್ಯ. ಮೂರು ವರ್ಷಗಳಲ್ಲಿ ಯಾವ ತಿಂಗಳು ವ್ಯಾಪಾರ ಬಿತ್ತು, ಯಾವ ಊರಿನಲ್ಲಿ ಬಿತ್ತು ಎಂದು ಕೇಳಬೇಕಾದರೆ, ಹತ್ತು ಕಡೆಯ ಹಳೆಯ ಲೆಕ್ಕಗಳನ್ನು ಒಂದೇ ಅಳತೆಗೆ ತಂದು ಬೇರೆ ಕಡೆ ಕೂಡಿಡಬೇಕು. 1988ರಲ್ಲಿ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಇಂಥದೊಂದು ಉಗ್ರಾಣದ ನಕ್ಷೆಯನ್ನು ಐಬಿಎಂನ ಪತ್ರಿಕೆಯಲ್ಲಿ ಬರೆದರು. 1992ರಲ್ಲಿ ಬಿಲ್ ಇನ್ಮನ್ ಈ ವಿಷಯಕ್ಕೇ ಒಂದು ಪುಸ್ತಕ ಬರೆದ. ಒಳಗೆ ಬಂದ ಲೆಕ್ಕ ತನ್ನ ಕಾಲದ ಗುರುತಿನೊಂದಿಗೆ ಉಳಿಯಬೇಕು, ಅದನ್ನು ಅಳಿಸಿ ತಿದ್ದಬಾರದು ಎನ್ನುವುದು ಅವನು ಹಾಕಿಕೊಟ್ಟ ನಿಯಮಗಳಲ್ಲೊಂದು. ಈ ರಾಶಿಯಿಂದ ತೀರ್ಮಾನಕ್ಕೆ ಬೇಕಾದ ತಿಳಿವನ್ನು ಹೆಕ್ಕುವುದೇ ಬಿಸಿನೆಸ್ ಇಂಟೆಲಿಜೆನ್ಸ್.

ಆಗ ಕಂಪ್ಯೂಟರಿನಲ್ಲಿ ಜಾಗ ದುಬಾರಿ. ಆದ್ದರಿಂದ ತೆಗೆ, ತೊಳೆ, ತುಂಬು ಎನ್ನುವುದು ಕ್ರಮವಾಗಿತ್ತು. ಈಗ ಕ್ಲೌಡಿನಲ್ಲಿ ಜಾಗ ಅಗ್ಗ. ಮೊದಲು ತುಂಬು, ತೊಳೆಯುವುದು ಆಮೇಲೆ ನೋಡೋಣ ಎಂದಾಗಿದೆ. ಹೀಗೆ ಹಸಿಯಾಗಿಯೇ ತುಂಬಿಡುವ ಜಾಗಕ್ಕೆ 2010ರಲ್ಲಿ ಜೇಮ್ಸ್ ಡಿಕ್ಸನ್ ‘ಡೇಟಾ ಲೇಕ್’ ಎಂದು ಹೆಸರಿಟ್ಟ. ಈಗ ಕೆರೆಯನ್ನೂ ಉಗ್ರಾಣವನ್ನೂ ಸೇರಿಸಿ ‘ಲೇಕ್‌ಹೌಸ್’ ಅನ್ನುತ್ತಾರೆ. ಮಾರನೆಯ ದಿನ ಬರುತ್ತಿದ್ದ ವರದಿ ಈಗ ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ಪ್ರಶ್ನೆ ಕೇಳಲು ಎಸ್‌ಕ್ಯೂಎಲ್ ಕೂಡ ಬೇಕಿಲ್ಲ. “ಈ ತಿಂಗಳು ಹೆಚ್ಚು ಗೈರಾದವರು ಯಾರು?” ಎಂದು ಮಾಮೂಲಿ ಮಾತಿನಲ್ಲಿ ಕೇಳಿದರೆ ಎಐ ತಾನೇ ಎಸ್‌ಕ್ಯೂಎಲ್ ಬರೆದು ಹೆಸರುಗಳನ್ನು ಮುಂದಿಡುತ್ತದೆ.

ಡೇಟಾ ಲೇಕ್ ಅಂದಾಗ ನನಗೆ ಕಾಣುವುದು ಕೆರೆಯಲ್ಲ, ಕೆಜಿಎಫ್‌ನ ಸೈನೈಡ್ ದಿಬ್ಬ. ಚಿನ್ನ ತೆಗೆದು ಉಳಿದ ಪುಡಿಯನ್ನು ನೂರಿಪ್ಪತ್ತು ವರ್ಷ ಅಲ್ಲೇ ಸುರಿದರು. ಅದರಲ್ಲಿ ಇನ್ನೂ ಒಂದಿಷ್ಟು ಚಿನ್ನವಿದೆ. ದಿಬ್ಬಗಳನ್ನು ಮತ್ತೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಸುರಿದಿಟ್ಟದ್ದು ಎಂದಾದರೂ ಉಪಯೋಗಕ್ಕೆ ಬರುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅಲ್ಲಿಯತನಕ ಗಾಳಿ ಎದ್ದಾಗಲೆಲ್ಲ ಆ ಪುಡಿ ಬಂದು ಬೀಳುವುದು ದಿಬ್ಬದ ಬುಡದಲ್ಲಿರುವವರ ಕಣ್ಣಿಗೆ.

ಆ ರಾತ್ರಿ ನಿದ್ದೆ ಬರದೆ ನನ್ನ ಹಳೆಯ ಕಡತಗಳನ್ನು ತೆಗೆದೆ. ಎರಡು ವರ್ಷದ ಹಿಂದೆ ಒಂದು ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡುವಾಗ ನಾನೂ ಒಂದು ಹಾಜರಿ ಡ್ಯಾಶ್‌ಬೋರ್ಡ್ ಕಟ್ಟಿದ್ದೆ. ಅದು ಅಪ್ಪನ ಕಂಪನಿಯಲ್ಲ. ಆದರೆ ನಾನು ಬರೆದ ಸಾಲು ಅಲ್ಲೇ ಇತ್ತು: ಖಾಲಿಯಿದ್ದರೆ ಸೊನ್ನೆ ಎಂದು ಓದು. ಡೇಟಾಬೇಸಿನಲ್ಲಿ ಖಾಲಿ ಜಾಗವನ್ನು ನಲ್ ಅನ್ನುತ್ತೇವೆ. ಅದರ ಅರ್ಥ ‘ಗೊತ್ತಿಲ್ಲ’. ಸೊನ್ನೆಯ ಅರ್ಥ ‘ಬಂದಿಲ್ಲ’. ಖಾಲಿ ಜಾಗಗಳಿದ್ದರೆ ಗ್ರಾಫು ತುಂಡುತುಂಡಾಗಿ ಕಾಣುತ್ತಿತ್ತು. ಚೆಂದ ಕಾಣಲೆಂದು ಸೊನ್ನೆ ತುಂಬಿದ್ದೆ. ಮಾರ್ಗದರ್ಶಕರು ಹೊಗಳಿದ್ದರು ಕೂಡ. ಆ ಒಂದು ಸಾಲಿನಿಂದ ಯಾರ ಮನೆಯಲ್ಲಿ ಎಷ್ಟು ದಿನದ ಕೂಲಿ ಹೋಯಿತೋ!

ಬೆಳಿಗ್ಗೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ. ಟೀ ಲೋಟ ಕೆಳಗಿಟ್ಟು, “ಗಣೀಲಿ ಟೋಕನ್ ಇತ್ತು ಕಣಮ್ಮ” ಅಂದ. “ಕೆಳಕ್ಕೆ ಇಳಿಯೋವಾಗ ತಗೋಬೇಕು, ಮೇಲೆ ಬಂದ್ಮೇಲೆ ವಾಪಸ್ ಕೊಡಬೇಕು. ಶಿಫ್ಟ್ ಮುಗಿದ್ಮೇಲೆ ಒಂದು ಟೋಕನ್ ಬರ್ಲಿಲ್ಲ ಅಂದ್ರೆ ಆಬ್ಸೆಂಟ್ ಅಂತ ಬರ್ಕೊಂಡು ಮನೆಗೆ ಹೋಗ್ತಿರ್ಲಿಲ್ಲ. ಆ ಮನುಷ್ಯ ಎಲ್ಲಿ ಅಂತ ಹುಡುಕೋರು.”

ಐದು ವರ್ಷಗಳಿಂದ ನಾನು ಓದಿದ ಯಾವ ಪ್ರಬಂಧವೂ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ಖಾಲಿ ಜಾಗ ಕಂಡರೆ ತುಂಬುವುದಲ್ಲ, ಹುಡುಕುವುದು. ವರದಿ ನಿಧಾನವಾಗಿದ್ದಾಗ ಅದನ್ನು ಓದುವ ಗುಮಾಸ್ತನಿಗೆ “ಇವರು ದಿನಾ ಬರ್ತಾರಲ್ಲ” ಎಂದು ಅನುಮಾನ ಬರಲು ಸಮಯವಿತ್ತು. ನಿಮಿಷದಲ್ಲಿ ವರದಿ ಬಂದು, ಅದರ ಮೇಲೆ ಸಂಬಳವೂ ತಾನಾಗಿ ಕಡಿತವಾಗುವ ಕಾಲದಲ್ಲಿ ಆ ಅನುಮಾನವನ್ನೂ ನಾವೇ ಒಳಗೆ ಬರೆದಿಡಬೇಕು. ಪ್ರತಿ ಅಂಕಿ ಎಲ್ಲಿಂದ ಹೊರಟು ಯಾರ ಕೈ ದಾಟಿ ಬಂತೆಂಬ ಜಾಡನ್ನು ಉಳಿಸುವ ಕೆಲಸ ನಮ್ಮ ಕ್ಷೇತ್ರದಲ್ಲಿ ಈಗ ನಡೆಯುತ್ತಿದೆ. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯವನ್ನು ಆ ಕಡೆಗೆ ತಿರುಗಿಸಿ ಮತ್ತೆ ಬರೆಯುತ್ತಿದ್ದೇನೆ.

ಇಂಟರ್ನ್‌ಶಿಪ್ ಮಾಡಿದ ಸಂಸ್ಥೆಗೆ ಆ ಸಾಲಿನ ಬಗ್ಗೆ ಮೇಲ್ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಅಪ್ಪನಿಗೆ ಎರಡು ದಿನದ ಸಂಬಳ ವಾಪಸ್ ಬಂತು, ಇನ್ನೆರಡು ದಿನದ್ದು ಬರಲಿಲ್ಲ. ಈಗ ಅವನು ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದಾನೆ. ಯಂತ್ರ ಬೆರಳು ಹಿಡಿಯದ ದಿನ ತಾರೀಖು, ಗಂಟೆ ಬರೆದು, ಪಕ್ಕದಲ್ಲಿ ನಿಂತವನ ಸಹಿ ಹಾಕಿಸಿಕೊಳ್ಳುತ್ತಾನೆ.