ಸರೋವರದ ತಡಿಯಲ್ಲೊಂದು ಗಡಿ

ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟಿದ ರೈನ್ ನದಿಯು ಒಂದು ವಿಶಾಲವಾದ ಸರೋವರವನ್ನು ಹೊಕ್ಕು, ಅದರ ಪಶ್ಚಿಮದ ಕಡೆಯ ಇಕ್ಕಟ್ಟಿನಲ್ಲಿ ಮತ್ತೆ ನದಿಯಾಗಿ ಹೊರಡುತ್ತದೆ. ಆ ಇಕ್ಕಟ್ಟಿನ ಎರಡು ದಡಗಳಲ್ಲಿಯೂ ಹಬ್ಬಿರುವುದು ಜರ್ಮನಿಗೆ ಸೇರಿದ ಕಾನ್‌ಸ್ಟಾಂಜ್ ಪಟ್ಟಣ. ಇದರ ಹಳೆಯ ಪೇಟೆಯು ದಕ್ಷಿಣದ ದಡದಲ್ಲಿ, ಸ್ವಿಟ್ಜರ್ಲೆಂಡಿನ ನೆಲಕ್ಕೆ ಅಂಟಿಕೊಂಡು ನಿಂತಿದೆ. ಪಕ್ಕದ ಕ್ರಾಯ್ಟ್ಸ್‌ಲಿಂಗೆನ್ ಎಂಬ ಊರು ಸ್ವಿಸ್ಸರದು. ಎರಡಕ್ಕೂ ನಡುವೆ ಹೊಲವಿಲ್ಲ, ಹಳ್ಳವಿಲ್ಲ. ಮನೆಗಳ ಸಾಲು ಮುಗಿಯುವ ಮೊದಲೇ ದೇಶವು ಬದಲಾಗಿರುತ್ತದೆ.

ಊರು ಪುರಾತನವಾದುದು. ೧೪೧೪ರಿಂದ ೧೪೧೮ರವರೆಗೆ ಕ್ರೈಸ್ತ ಧರ್ಮಾಧಿಕಾರಿಗಳ ಮಹಾಸಭೆಯು ಇಲ್ಲಿಯೇ ನೆರೆಯಿತು. ಬೊಹೀಮಿಯದ ಸುಧಾರಕ ಯಾನ್ ಹುಸ್ಸನನ್ನು ೧೪೧೫ರಲ್ಲಿ ಸುಟ್ಟುದೂ ಇಲ್ಲಿಯೇ. ಎರಡನೆಯ ಮಹಾಯುದ್ಧದಲ್ಲಿ ನೆರೆಯ ಸ್ವಿಸ್ ಊರಿನಂತೆ ತಾನೂ ದೀಪಗಳನ್ನು ಆರಿಸದೆ ಇದ್ದುದರಿಂದ ಬಾಂಬುಗಳಿಂದ ಪಾರಾಯಿತೆಂದು ಅಲ್ಲಿಯವರು ಹೇಳುತ್ತಾರೆ. ಆ ಯುದ್ಧದ ಕಾಲದಲ್ಲಿ ಎರಡು ಊರುಗಳ ನಡುವೆ ಎದ್ದ ಬೇಲಿಯು ಸರೋವರದ ಅಂಚಿನಲ್ಲಿ ೨೦೦೬ರವರೆಗೂ ಉಳಿದಿತ್ತು. ಅದನ್ನು ಕಿತ್ತ ಮೇಲೆ, ೨೦೦೭ರಲ್ಲಿ, ಗಡಿಯ ರೇಖೆಯ ಉದ್ದಕ್ಕೂ ಯೊಹಾನ್ನೆಸ್ ಡ್ಯೋರ್‌ಫ್ಲಿಂಗರ್ ಎಂಬ ಕಲಾವಿದನ ೨೨ ಉಕ್ಕಿನ ಶಿಲ್ಪಗಳನ್ನು ನಿಲ್ಲಿಸಿದರು. ಟಾರೊ ಎಂಬ ಶಕುನದ ಎಲೆಗಳ ೨೨ ಚಿತ್ರಗಳೇ ಇವುಗಳ ವಸ್ತು. ಆ ಎಲೆಗಳಲ್ಲಿ 'ಪ್ರಣಯಿಗಳು' ಎಂಬುದೂ ಒಂದು. ಮುಂದೆ ನಡೆದುದನ್ನು ಬಲ್ಲವರಿಗೆ ಇದು ಸ್ವಲ್ಪ ಸೋಜಿಗವಾಗಿಯೇ ತೋರುವುದು.

೨೦೨೦ರ ಮಾರ್ಚಿ ತಿಂಗಳಲ್ಲಿ ಸಾಂಕ್ರಾಮಿಕದ ಭೀತಿಯಿಂದ ಗಡಿಗಳನ್ನು ಮುಚ್ಚಿದಾಗ, ಶಿಲ್ಪಗಳಿರುವ ಆ ಹುಲ್ಲುಹಾಸಿನ ಮೇಲೆ ಮತ್ತೆ ತಂತಿಯ ಬೇಲಿ ಬಂದಿತು. ನಿನ್ನೆಯವರೆಗೆ ಸಂಜೆಯ ತಿರುಗಾಟಕ್ಕೆ ಅತ್ತಿತ್ತ ಹೋಗುತ್ತಿದ್ದವರು ಬೇಲಿಯ ಎರಡು ಪಕ್ಕಗಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಕಣ್ಣಿಗಳ ಸಂದಿನಲ್ಲಿ ಬೆರಳು ಹೆಣೆದರು, ಮುತ್ತಿಟ್ಟರು. ಇದು ರೋಗವನ್ನು ಹರಡುವುದೆಂದು, ಏಪ್ರಿಲಿನಲ್ಲಿ ಸುಮಾರು ೨ ಮೀಟರು ದೂರದಲ್ಲಿ ಇನ್ನೊಂದು ಬೇಲಿಯನ್ನು ಹಾಕಿದರು. ವಿವಾಹಿತರೆಂದರೆ ಯಾರೆಂಬುದು ಕಾನೂನಿಗೆ ತಿಳಿದಿತ್ತು. ಪ್ರಣಯಿಗಳನ್ನು ಕರೆಯಲು ಅದರಲ್ಲಿ ಒಂದು ಹೆಸರೂ ಇರಲಿಲ್ಲ. ಮೇ ತಿಂಗಳ ಮಧ್ಯದಲ್ಲಿ ಬೇಲಿಗಳನ್ನು ತೆಗೆದು, ವಿವಾಹವಾಗದ ಜೋಡಿಗಳೂ ಒಂದು ಲಿಖಿತ ಹೇಳಿಕೆಯನ್ನು ಹಿಡಿದು ದಾಟಬಹುದೆಂದಾಗ ಆ ಹೆಸರು ಮೊದಲ ಬಾರಿಗೆ ಕಾಗದದ ಮೇಲೆ ಬಂದಿತು. ಡೆನ್ಮಾರ್ಕಿನವರು ಅದೇ ತಿಂಗಳು ನೆರೆಯ ದೇಶಗಳ ಪ್ರಣಯಿಗಳಿಗೆ ಅನುಮತಿಯಿತ್ತರು. ಆದರೆ ಮೊದಮೊದಲು ಭಾವಚಿತ್ರಗಳನ್ನೂ ಪರಸ್ಪರ ಬರೆದ ಪತ್ರಸಂದೇಶಗಳನ್ನೂ ಕಾವಲಿನವರಿಗೆ ತೋರಿಸಬೇಕೆಂದು ಹೇಳಿ ನಗೆಗೀಡಾದರು. ಜರ್ಮನಿಯು ಆಗಸ್ಟ್ ೧೦ರಿಂದ ದೂರದೇಶಗಳ ಪ್ರಣಯಿಗಳಿಗೂ ಬಾಗಿಲು ತೆರೆಯಿತು. ಇಬ್ಬರೂ ಹಿಂದೆ ಒಮ್ಮೆಯಾದರೂ ಮುಖತಃ ಭೇಟಿಯಾಗಿದ್ದಿರಬೇಕೆಂಬುದು ನಿಯಮ.

ಈಗ ಆ ಹುಲ್ಲುಹಾಸಿನ ಮೇಲೆ ಮಕ್ಕಳು ಓಡಾಡುತ್ತಾರೆ. ಸ್ವಿಟ್ಜರ್ಲೆಂಡು ೨೦೦೮ರ ಡಿಸೆಂಬರಿನಲ್ಲಿ ಶೆಂಗೆನ್ ಒಡಂಬಡಿಕೆಯ ಒಳಗೆ ಬಂದುದರಿಂದ ಮನುಷ್ಯರಿಗೆ ಸಾಮಾನ್ಯವಾಗಿ ತಡೆಯಿಲ್ಲ. ಸರಕುಗಳಿಗೆ ಮಾತ್ರ ಸುಂಕದ ಕಟ್ಟೆಯಿದೆ. ಆದರೆ ನಮ್ಮ ನಾಡಿನಿಂದ ಹೋಗುವವರ ಬೇಲಿಯು ಆ ಊರಿನಲ್ಲಿಲ್ಲ. ಅದು ಇರುವುದು ಇಲ್ಲಿಯೇ, ಅರ್ಜಿಯನ್ನು ತೆಗೆದುಕೊಳ್ಳುವ ಕಿಟಕಿಯ ಬಳಿ.

ವಾಚಕರ ಮನೆಗಳಲ್ಲಿಯೇ ಇಂತಹ ಸಂದರ್ಭ ಬರಬಹುದು. ಹುಡುಗನು ಕಾನ್‌ಸ್ಟಾಂಜಿನಲ್ಲಿ ಓದುತ್ತಿದ್ದಾನೆ, ಹುಡುಗಿಯು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ, ಮಾತುಕತೆಯಾಗಿದೆ, ಮದುವೆಯಾಗಿಲ್ಲ. ಅವಳು ಹೋಗಿ ಒಂದು ತಿಂಗಳಿದ್ದು ಬರಬೇಕು. ಮೊದಲ ಪ್ರಶ್ನೆಯೇ ಯಾವ ದೇಶದ ವೀಸಾ ಎಂಬುದು. ವಿಮಾನವು ಇಳಿಯುವುದು ಬಹುಶಃ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ, ಏಕೆಂದರೆ ಹತ್ತಿರದ ದೊಡ್ಡ ನಿಲ್ದಾಣವು ಅದೇ. ಆದರೂ ಅರ್ಜಿಯು ಜರ್ಮನಿಗೇ ಸಲ್ಲಬೇಕು. ಯಾವ ದೇಶದಲ್ಲಿ ಮುಖ್ಯವಾದ ವಾಸವೋ ಅದೇ ವೀಸಾ ಕೊಡತಕ್ಕದ್ದು. ಹುಡುಗನ ಬಿಡಾರವು ಬೀದಿಯ ಆಚೆ ಕ್ರಾಯ್ಟ್ಸ್‌ಲಿಂಗೆನ್ನಿನಲ್ಲಿದ್ದರೆ ಅರ್ಜಿಯು ಸ್ವಿಸ್ಸರಿಗೆ. ಆತಿಥೇಯನ ಹೊಣೆಯೂ ಆಚೆಗೀಚೆಗೆ ಬೇರೆಯಾಗುತ್ತದೆ. ಸ್ವಿಸ್ ಕಚೇರಿಯು ಹೊಣೆಪತ್ರವನ್ನು ಕೇಳಿದರೆ ೩೦,೦೦೦ ಫ್ರಾಂಕುಗಳವರೆಗೆ ಜವಾಬುದಾರಿ. ಜರ್ಮನಿಯಲ್ಲಿ ಹುಡುಗನು ತನ್ನ ಊರಿನ ವಿದೇಶೀಯರ ಕಚೇರಿಗೆ ಹೋಗಿ ವರಮಾನವನ್ನು ತೋರಿಸಿ ರುಜು ಹಾಕಬೇಕು. ಅತಿಥಿಯ ಊಟ, ವಸತಿ, ಕಾಯಿಲೆ, ಹಿಂದಿರುಗುವ ಪ್ರಯಾಣ ಎಲ್ಲದರ ವೆಚ್ಚವೂ ಅವನ ತಲೆಯ ಮೇಲೆ. ವಿದ್ಯಾರ್ಥಿಗೆ ಇದು ಸುಲಭವಲ್ಲ. ಅಂತಹಲ್ಲಿ ಹುಡುಗಿಯು ತನ್ನ ಸಂಬಳದ ಹಣವನ್ನೇ ತೋರಿಸುವುದು ಮೇಲು. ಮರ್ಯಾದೆಗೂ ಅದೇ ಒಪ್ಪುವುದೆಂದು ನಮ್ಮ ಅಭಿಪ್ರಾಯ.

ಶುಲ್ಕವು ೨೦೨೪ರ ಜೂನಿನಿಂದ ೯೦ ಯೂರೊ. ಕಾಯಿಲೆಯ ವಿಮೆಯು ೩೦,೦೦೦ ಯೂರೊಗೆ ಕಡಿಮೆಯಿರಕೂಡದು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು, ೧೫ ದಿನಗಳಿಗಿಂತ ತಡಮಾಡಬಾರದು. ಇವೆಲ್ಲ ಕಾಗದದ ಕೆಲಸ, ತಾಳ್ಮೆಯಿದ್ದರೆ ಮುಗಿಯುತ್ತವೆ.

ಕಷ್ಟವಿರುವುದು ಬೇರೊಂದೆಡೆ. ಅಧಿಕಾರಿಯು ಎಲ್ಲಕ್ಕಿಂತ ಹೆಚ್ಚಾಗಿ ನೋಡುವುದು, ಹೋದವಳು ಹಿಂದಿರುಗುವಳೆ ಎಂಬುದನ್ನು. ಅನುರಾಗವು ಗಾಢವೆಂದು ತೋರಿಸಿದಷ್ಟೂ ಆ ನಂಬಿಕೆಯು ತಗ್ಗುತ್ತದೆ! ಲೋಕದಲ್ಲಿ ಬೇರೆಲ್ಲಿಯೂ ಸ್ನೇಹವನ್ನು ಹೀಗೆ ಸಂದೇಹಕ್ಕೆ ಕಾರಣವಾಗಿ ಎಣಿಸುವುದನ್ನು ನಾವು ಕಾಣೆವು. ಹಾಗೆಂದು ಕೆಲವು ಹಿರಿಯರು, "ಸುಮ್ಮನೆ ದೇಶ ನೋಡಲು ಹೋಗುತ್ತೇನೆಂದು ಬರೆದುಬಿಡಮ್ಮ, ಹುಡುಗನ ಮಾತೇ ಬೇಡ" ಎಂದು ಬುದ್ಧಿ ಹೇಳುವರು. ಮಾನಕ್ಕಂಜಿ ಹೇಳುವ ಮಾತು. ಆದರೆ ಕೆಟ್ಟ ಸಲಹೆ. ಅರ್ಜಿಯಲ್ಲಿ ಕುಟುಂಬದವರನ್ನಾಗಲಿ ಸ್ನೇಹಿತರನ್ನಾಗಲಿ ಕಾಣುವುದೆಂಬ ಉದ್ದೇಶಕ್ಕೆ ಸ್ಥಳವಿದೆ. ಇಳಿಯುವ ಮನೆಯ ವಿಳಾಸವನ್ನು ಕೊಡಲೇಬೇಕು. ಸುಳ್ಳು ಒಮ್ಮೆ ಹೊರಬಿದ್ದರೆ ಅರ್ಜಿಯು ತಿರಸ್ಕೃತವಾಗುವುದು; ಮುಂದೆ ಅವಳೇ ಹೆಂಡತಿಯಾಗಿ ಅರ್ಜಿ ಹಾಕುವಾಗಲೂ ಆ ದಾಖಲೆಯು ಎದುರು ಬಂದು ನಿಲ್ಲಬಹುದು. ಇರುವುದನ್ನು ಇರುವಂತೆ ಬರೆದು, ಸಂದೇಹಕ್ಕೆ ಉತ್ತರವನ್ನು ಇತ್ತ ಕಡೆಯಿಂದ ಕೊಡಬೇಕು: ರಜೆ ಮಂಜೂರಾದ ಪತ್ರ, ಕೆಲಸಕ್ಕೆ ಮರಳುವ ತಾರೀಖು, ತನ್ನನ್ನು ನೆಚ್ಚಿರುವ ತಂದೆತಾಯಿಗಳ ವಿವರ, ಮನೆ ಜಮೀನುಗಳ ಕಾಗದ.

ಹೋದವಳು ಅಲ್ಲಿಯೇ ಮದುವೆಯಾಗಿ ನಿಂತುಬಿಡಬಹುದೆಂಬ ಯೋಚನೆಯೂ ಸಲ್ಲದು. ಮದುವೆಯಾಗಿ ನೆಲಸುವ ಉದ್ದೇಶವಿದ್ದರೆ ಹೊರಡುವ ಮೊದಲೇ ಅದಕ್ಕೆಂದು ಬೇರೆ ವೀಸಾ ಪಡೆಯಬೇಕು, ಸಾಮಾನ್ಯವಾಗಿ ಜರ್ಮನ್ ಭಾಷೆಯ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅತಿಥಿಯ ವೀಸಾ ಅತಿಥಿಗಷ್ಟೆ.

ನೇಮದಂತೆ ಹಿಂದಿರುಗಿದವರಿಗೆ ಒಂದು ಅನುಕೂಲವುಂಟು. ೨೦೨೪ರ ಏಪ್ರಿಲಿನಲ್ಲಿ ಯೂರೋಪಿನವರು ಭಾರತೀಯರಿಗಾಗಿ ಮಾಡಿದ ಏರ್ಪಾಡಿನಂತೆ, ಮೂರು ವರ್ಷಗಳೊಳಗೆ ಎರಡು ವೀಸಾಗಳನ್ನು ಪಡೆದು ಸರಿಯಾಗಿ ಬಳಸಿದವರು, ಎರಡು ವರ್ಷಗಳ ಕಾಲ ಹಲವು ಬಾರಿ ಹೋಗಿಬರುವ ವೀಸಾಕ್ಕೆ ಅರ್ಹರಾಗುತ್ತಾರೆ. ಆ ಮೇಲೆ ಐದು ವರ್ಷಗಳದು. ಆಗಲೂ ಯಾವ ೧೮೦ ದಿನಗಳನ್ನು ತೆಗೆದುಕೊಂಡರೂ ವಾಸವು ೯೦ ದಿನಗಳನ್ನು ಮೀರಕೂಡದು. ಬೀದಿಯನ್ನು ದಾಟಿ ಕ್ರಾಯ್ಟ್ಸ್‌ಲಿಂಗೆನ್ನಿನಲ್ಲಿ ವಾರವಿದ್ದು ಬಂದರೆ ಆ ವಾರವೂ ಲೆಕ್ಕಕ್ಕೆ ಸೇರಿತು. ಎರಡು ದೇಶಗಳಿಗೂ ಎಣಿಕೆ ಒಂದೇ. ಬಂದಿಳಿದ ದಿನವೂ ಒಂದು ದಿನ, ಹೊರಡುವ ದಿನವೂ ಒಂದು ದಿನ, ವಿಮಾನವು ಬೆಳಗಿನ ಜಾವದ್ದಾದರೂ.